ಬುರ್ಸಾಗೆ ಹೋಗುವ ಮುಂಚೆ ಚೇಂಬರ್‌ನವರನ್ನು ಏನು ಕೇಳಬೇಕು?

ಪ್ರಶ್ನೆ: ಸರ್, ನಾನು ದಾವಣಗೆರೆಯವನು. ಆರು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಒಂದು ಮಧ್ಯಮ ಗಾತ್ರದ ಕಂಪನಿಯ ಖರೀದಿ ವಿಭಾಗದಲ್ಲಿದ್ದೇನೆ. ಹೈಡ್ರಾಲಿಕ್ ವಾಲ್ವ್ ಮಾಡುತ್ತೇವೆ, ಒಟ್ಟು 140 ಜನ. ಎರಕದ ವಾಲ್ವ್ ಬಾಡಿಗಳು ಇಷ್ಟು ದಿನ ಚೀನಾದಿಂದ ಬರುತ್ತಿದ್ದವು. ಈಗ ನಮ್ಮ ಬಾಸ್‌ಗೆ ಟರ್ಕಿಯ ಹುಚ್ಚು ಹಿಡಿದಿದೆ. ಇಲ್ಲಿನ ಚೇಂಬರ್‌ನವರು, ಅಂದರೆ ವಾಣಿಜ್ಯೋದ್ಯಮಿಗಳ ಸಂಸ್ಥೆಯವರು, ಟರ್ಕಿಯ ಬುರ್ಸಾ ಊರಿಗೆ ಎರಡು ದಿನದ ನಿಯೋಗ ಕರೆದುಕೊಂಡು ಹೋಗುತ್ತಾರಂತೆ, ದುಡ್ಡು ಕಟ್ಟಬೇಕು. ಇಸ್ತಾಂಬುಲ್‌ನಲ್ಲಿ ಜರ್ಮನ್-ಟರ್ಕಿಶ್ ಚೇಂಬರ್ ಇದೆ, ಬುರ್ಸಾದಲ್ಲಿ ಅವರದೇ ಚೇಂಬರ್ ಇದೆ, ಮೇಲೆ ಇನ್ನೂ ನಾಲ್ಕಾರು ಸಂಘಗಳ ಹೆಸರು ಕೇಳುತ್ತಿದ್ದೇನೆ. ಯಾರು ಏನು ಮಾಡುತ್ತಾರೆ? ಇವರಿಂದ ನಿಜಕ್ಕೂ ಪಾಲುದಾರ ಸಿಗುತ್ತಾನಾ? ಚೇಂಬರ್ ಕೊಟ್ಟ ಹೆಸರು ಅಂದಮೇಲೆ ಕಣ್ಣು ಮುಚ್ಚಿ ನಂಬಬಹುದಾ? ಜಂಟಿ ಕಂಪನಿ ಮಾಡೋಣ ಅಂತಲೂ ಬಾಸ್ ಹೇಳುತ್ತಿದ್ದಾರೆ.

ಉತ್ತರ: ಕೊನೆಯಿಂದ ಶುರು ಮಾಡುತ್ತೇನೆ. ಕಣ್ಣು ಮುಚ್ಚಿ ನಂಬಬೇಡಿ. ಪಾಲುದಾರ ಸಿಗಬಹುದು, ಆದರೆ ಆ ಎರಡು ದಿನದಲ್ಲಿ ಸಿಗುವುದಿಲ್ಲ. ಹಾಗಂತ ಚೇಂಬರ್‌ನಿಂದ ಉಪಯೋಗವಿಲ್ಲ ಅಂತಲ್ಲ. ಬಹಳ ಉಪಯೋಗವಿದೆ, ಆದರೆ ನೀವು ಹುಡುಕುತ್ತಿರುವ ಜಾಗದಲ್ಲಿ ಅದು ಇಲ್ಲ.

ನಮ್ಮಲ್ಲಿ ಹಿಂದೆ ಶಾನುಭೋಗರು ಇದ್ದರಲ್ಲ, ಹಾಗೆ ಅಂದುಕೊಳ್ಳಿ. ಜಮೀನು ಕೊಳ್ಳುವವನಿಗೆ ಶಾನುಭೋಗರು ಬೆಲೆ ಕುದುರಿಸಿ ಕೊಡುತ್ತಿರಲಿಲ್ಲ, ಬೆಳೆ ಚೆನ್ನಾಗಿ ಬರುತ್ತೆ ಅಂತ ಭರವಸೆಯನ್ನೂ ಕೊಡುತ್ತಿರಲಿಲ್ಲ. ಆದರೆ ಯಾವ ಸರ್ವೆ ನಂಬರ್ ಯಾರದು, ಎಷ್ಟು ಎಕರೆ, ಮೇಲೆ ಸಾಲ ಇದೆಯಾ, ಅಣ್ಣ ತಮ್ಮಂದಿರ ತಕರಾರು ಇದೆಯಾ, ಎಲ್ಲ ಅವರ ಲೆಕ್ಕದ ಪುಸ್ತಕದಲ್ಲಿ ಇರುತ್ತಿತ್ತು. ಟರ್ಕಿಯ ಚೇಂಬರ್ ಅಂದರೆ ಆ ಪುಸ್ತಕ ಇಟ್ಟುಕೊಂಡವರು. ನಿಯೋಗಕ್ಕೆ ಹೋದವರು ಪುಸ್ತಕ ನೋಡುವುದನ್ನು ಬಿಟ್ಟು ಶಾನುಭೋಗರ ಮನೆಯ ಊಟ ಮಾಡಿಕೊಂಡು ಬರುತ್ತಾರೆ. ಊಟವೇನೋ ಬಹಳ ಚೆನ್ನಾಗಿರುತ್ತೆ, ಅದರಲ್ಲಿ ಎರಡು ಮಾತಿಲ್ಲ.

ಮೊದಲು ನಿಮ್ಮ ಬಾಸ್‌ಗೆ ಯಾಕೆ ಈ ಹುಚ್ಚು ಅನ್ನುವುದನ್ನು ನೋಡೋಣ. ಅವರ ಲೆಕ್ಕ ತಪ್ಪೇನಲ್ಲ. ಟರ್ಕಿ ಯುರೋಪಿಯನ್ ಒಕ್ಕೂಟದ ಸದಸ್ಯ ಅಲ್ಲ, ಸದಸ್ಯತ್ವದ ಮಾತುಕತೆ 2005ರಲ್ಲಿ ಶುರುವಾಗಿ ಈಗ ವರ್ಷಗಳಿಂದ ನಿಂತುಹೋಗಿದೆ. ಆದರೆ 1995ರ ಕೊನೆಯ ದಿನದಿಂದ ಎರಡರ ನಡುವೆ ಕಸ್ಟಮ್ಸ್ ಯೂನಿಯನ್ ಇದೆ. ಅದರ ಬೇರು ಇನ್ನೂ ಹಳೆಯದು, 1963ರ ಅಂಕಾರಾ ಒಪ್ಪಂದ. ಇದರ ಅರ್ಥ ಇಷ್ಟೇ: ಕಾರ್ಖಾನೆಯ ಸರಕು ಬುರ್ಸಾದಿಂದ ಸ್ಟುಟ್‌ಗಾರ್ಟ್‌ಗೆ ಸುಂಕ ಇಲ್ಲದೆ ಹೋಗುತ್ತದೆ, ಅಲ್ಲಿಂದ ಇಲ್ಲಿಗೂ ಹಾಗೇ. ಹೊರಗಿನ ದೇಶಗಳಿಂದ ಬರುವ ಕಾರ್ಖಾನೆ ಸರಕಿಗೆ ಟರ್ಕಿಯೂ ಹೆಚ್ಚುಕಮ್ಮಿ ಒಕ್ಕೂಟದ ಸುಂಕವನ್ನೇ ಹಾಕಬೇಕು. ಇದು ಮಾಮೂಲಿ ಮುಕ್ತ ವ್ಯಾಪಾರ ಒಪ್ಪಂದಕ್ಕಿಂತ ಗಟ್ಟಿಯಾದದ್ದು. ಈಗ ಎರಡೂ ಕಡೆ ಸೇರಿ ವರ್ಷಕ್ಕೆ 200 ಬಿಲಿಯನ್ ಯುರೋಗೂ ಜಾಸ್ತಿ ಸರಕು ಓಡಾಡುತ್ತದೆ. ಟರ್ಕಿ ರಫ್ತು ಮಾಡುವುದರಲ್ಲಿ ನೂರಕ್ಕೆ ನಲವತ್ತರಷ್ಟು ಒಕ್ಕೂಟಕ್ಕೇ ಹೋಗುತ್ತದೆ, ಒಂದೇ ದೇಶ ಅಂತ ನೋಡಿದರೆ ಜರ್ಮನಿ ಮೊದಲನೆಯದು.

ಆದರೆ ಎಲ್ಲವೂ ಇದರೊಳಗೆ ಬರುವುದಿಲ್ಲ. ಹೊಲದಿಂದ ನೇರ ಬಂದ ಬೆಳೆ ಇಲ್ಲ, ಸೇವೆಗಳು ಇಲ್ಲ, ಸರ್ಕಾರಿ ಟೆಂಡರ್ ಇಲ್ಲ. ಬೆಳೆಗೆ ಬೇರೆ ರಿಯಾಯಿತಿ, ಬೇರೆ ಕಾಗದ. ವಾಲ್ವ್ ಬಾಡಿಗೆ ಆ ತಲೆನೋವಿಲ್ಲ, ಬಿಡಿ.

ನಿಮಗೆ ಬೇಕಾದ ಕಾಗದದ ಹೆಸರು ಎ.ಟಿ.ಆರ್. ಸರಕಿನ ಜೊತೆ ಇದು ಬಂದರೆ ಸುಂಕ ಇಲ್ಲ, ಬರದಿದ್ದರೆ ಮಾಮೂಲಿ ಸುಂಕ. ಇದನ್ನು ಕೊಡುವವರು ಯಾರು ಗೊತ್ತಾ? ಅದೇ ಚೇಂಬರ್. ಟರ್ಕಿಯಲ್ಲಿ ರಫ್ತುದಾರ ತನ್ನ ಊರಿನ ಚೇಂಬರ್ ಮೂಲಕ ಇದನ್ನು ಮಾಡಿಸುತ್ತಾನೆ, ಆಮೇಲೆ ಕಸ್ಟಮ್ಸ್ ಅದಕ್ಕೆ ಒಪ್ಪಿಗೆ ಹಾಕುತ್ತದೆ. ಮಾಡಿಸಿದ ದಿನದಿಂದ 4 ತಿಂಗಳೊಳಗೆ ನಿಮ್ಮ ಕಸ್ಟಮ್ಸ್‌ಗೆ ತೋರಿಸಬೇಕು. ಸುಂಕ ಎಷ್ಟೋ ಸರಕಿಗೆ ಶೇಕಡಾ ಎರಡು ಮೂರೇ ಇರಬಹುದು, ಅಷ್ಟಕ್ಕೆ ಯಾಕೆ ಗಲಾಟೆ ಅನ್ನಬೇಡಿ. ನಿಮ್ಮ ಇಡೀ ಲಾಭವೇ ಅಷ್ಟಿರುವ ಕಡೆ ಅದು ದೊಡ್ಡ ಮೊತ್ತ.

ಇಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಎ.ಟಿ.ಆರ್ ಇದೆ ಅಂದರೆ ಸರಕು ಟರ್ಕಿಯಲ್ಲೇ ತಯಾರಾಗಿದೆ ಅಂತ ಅರ್ಥ ಅಲ್ಲ. ಸರಕು ಟರ್ಕಿಯ ಮಾರುಕಟ್ಟೆಯೊಳಗೆ ಸರಿಯಾಗಿ ಸುಂಕ ಕಟ್ಟಿ ಬಂದಿದೆ, ಈಗ ಸ್ವತಂತ್ರವಾಗಿ ಓಡಾಡಬಹುದು ಅಂತ ಮಾತ್ರ ಅರ್ಥ. ಚೀನಾದಿಂದ ಎರಕ ತರಿಸಿ, ಸುಂಕ ಕಟ್ಟಿ, ಮೇಲೆ ನಾಲ್ಕು ತೂತು ಕೊರೆದು ನಿಮಗೆ ಕಳಿಸಿದರೂ ಎ.ಟಿ.ಆರ್ ಸಿಗುತ್ತದೆ. ಅದು ಮೋಸವೂ ಅಲ್ಲ. ಆದರೆ ಆ ಸರಕಿನ ಮೇಲೆ ಯುರೋಪ್ ಚೀನಾ ವಿರುದ್ಧ ಆಂಟಿ-ಡಂಪಿಂಗ್ ಸುಂಕ, ಅಂದರೆ ತೀರಾ ಅಗ್ಗದ ಮಾಲು ಸುರಿಯುವುದನ್ನು ತಡೆಯುವ ಹೆಚ್ಚುವರಿ ಸುಂಕ, ಹಾಕಿದ್ದರೆ, ಎ.ಟಿ.ಆರ್ ನಿಮ್ಮನ್ನು ಕಾಪಾಡುವುದಿಲ್ಲ, ಕಸ್ಟಮ್ಸ್ ಮೂಲ ದೇಶ ಕೇಳುತ್ತದೆ. ಚೀನಾ ಬಿಡಬೇಕು ಅಂತ ಟರ್ಕಿಗೆ ಹೋಗಿ, ಸುತ್ತು ಹಾಕಿಕೊಂಡು ಚೀನಾದ ಮಾಲನ್ನೇ ಕೊಳ್ಳುವುದು ಬೇಡ ಅಲ್ವಾ? ಎರಕ ಎಲ್ಲಿ ಹೊಯ್ಯುತ್ತೀರಿ ಅನ್ನುವುದು ನೀವು ಕೇಳುವ ಮೊದಲ ಪ್ರಶ್ನೆ ಆಗಲಿ.

ಈಗ ಯಾರು ಯಾರು ಅನ್ನುವುದು. ಇಲ್ಲಿ ಗೊಂದಲ ಆಗುವುದು ಸಹಜ, ಯಾಕೆಂದರೆ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಪ್ರಾಣಿಗಳಿವೆ.

ಮೊದಲನೆಯದು ಊರ ಚೇಂಬರ್. ನಮ್ಮ ಬೆಂಗಳೂರಿನ ಎಫ್‌ಕೆಸಿಸಿಐ, ಅಂದರೆ ಕರ್ನಾಟಕದ ವಾಣಿಜ್ಯ ಕೈಗಾರಿಕಾ ಮಹಾಸಂಘ ಗೊತ್ತಲ್ಲ, 1916ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರು ಚೇಂಬರ್ ಆಗಿ ಶುರುವಾದದ್ದು. ಅಲ್ಲಿ ಇಷ್ಟ ಇದ್ದವರು ಸದಸ್ಯರಾಗುತ್ತಾರೆ, ಇಲ್ಲದವರು ಇಲ್ಲ. ಬ್ರಿಟನ್, ಸ್ವೀಡನ್ ಕಡೆಯೂ ಹಾಗೇ. ಆದರೆ ಜರ್ಮನಿ, ಆಸ್ಟ್ರಿಯಾ, ಟರ್ಕಿಯಲ್ಲಿ ಹಾಗಲ್ಲ. ಕಂಪನಿ ತೆರೆದರೆ ಚೇಂಬರ್ ಸದಸ್ಯತ್ವ ಕಡ್ಡಾಯ, ಕಾನೂನೇ ಹಾಗಿದೆ. ನಿಮ್ಮ ಕಂಪನಿಯೂ ಸ್ಟುಟ್‌ಗಾರ್ಟ್ ವಲಯದ ಐಎಚ್‌ಕೆಗೆ, ಅಂದರೆ ಅಲ್ಲಿನ ಊರ ಚೇಂಬರ್‌ಗೆ, ಪ್ರತಿ ವರ್ಷ ದುಡ್ಡು ಕಟ್ಟುತ್ತಲೇ ಇರುತ್ತದೆ, ಅಕೌಂಟ್ಸ್‌ನವರನ್ನು ಕೇಳಿ ನೋಡಿ. ಕಟ್ಟಿದ ಮೇಲೆ ಅವರ ವಿದೇಶ ವ್ಯಾಪಾರ ವಿಭಾಗಕ್ಕೆ ಫೋನ್ ಮಾಡಿ ಪ್ರಶ್ನೆ ಕೇಳುವುದರಲ್ಲಿ ಸಂಕೋಚ ಯಾಕೆ?

ಕಡ್ಡಾಯ ಅಂದಮೇಲೆ ಒಂದು ವಿಷಯ ತಾನಾಗಿಯೇ ಹೊಳೆಯಬೇಕು. ಬುರ್ಸಾದ ಕಂಪನಿಯೊಂದು ತನ್ನ ವೆಬ್‌ಸೈಟಿನಲ್ಲಿ 'ನಾವು ಬುರ್ಸಾ ಚೇಂಬರ್ ಸದಸ್ಯರು' ಅಂತ ದೊಡ್ಡದಾಗಿ ಹಾಕಿಕೊಂಡಿದ್ದರೆ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ. 'ನಮ್ಮ ಹತ್ತಿರ ರೇಷನ್ ಕಾರ್ಡ್ ಇದೆ' ಅಂದ ಹಾಗೆ. ಮಾರುಕಟ್ಟೆಯ ಮೂಲೆಯ ಪಾತ್ರೆ ಅಂಗಡಿಯ ಕಂಪನಿಗೂ ಅದೇ ಸದಸ್ಯತ್ವ, ಸಾವಿರ ಜನರ ಫೌಂಡ್ರಿಗೂ ಅದೇ.

ಟರ್ಕಿಯಲ್ಲಿ ಇಂಥ ಊರ ಚೇಂಬರ್‌ಗಳು ಮತ್ತು ಸರಕು ವಿನಿಮಯ ಕೇಂದ್ರಗಳು ಸೇರಿ 365 ಇವೆ. ಇವೆಲ್ಲದರ ಒಕ್ಕೂಟ ಅಂಕಾರಾದಲ್ಲಿರುವ ಟಿಒಬಿಬಿ. ಟರ್ಕರು ಇದನ್ನು ಸುಮ್ನೆ 'ಟೋಬ್' ಅನ್ನುತ್ತಾರೆ. 2001ರಿಂದ ರಿಫಾತ್ ಹಿಸಾರ್ಜಿಕ್ಲಿಒಲು ಅದರ ಅಧ್ಯಕ್ಷರು, ಒಂದು ತಲೆಮಾರೇ ಕಳೆಯಿತು. ಇದು ಬರೀ ಸಂಘ ಅಲ್ಲ, ಅರ್ಧ ಸರ್ಕಾರ ಇದ್ದ ಹಾಗೆ, ಸ್ವಂತ ವಿಶ್ವವಿದ್ಯಾಲಯವೂ ಇದೆ. ನಿಮ್ಮ ಬುರ್ಸಾದ್ದು ಬಿಟಿಎಸ್‌ಒ, 1889ರದ್ದು. ಇಸ್ತಾಂಬುಲ್ ವಾಣಿಜ್ಯ ಚೇಂಬರ್ ಅದಕ್ಕೂ ಹಳೆಯದು, 1882.

ಎರಡನೆಯ ಪ್ರಾಣಿ ಎರಡು ದೇಶದ ನಡುವಿನ ಚೇಂಬರ್. ಇದು ಹೊಸದೇನಲ್ಲ. ಇಟಲಿ, ಫ್ರಾನ್ಸ್, ಬ್ರಿಟನ್ ವರ್ತಕರು 1880ರ ದಶಕದಲ್ಲೇ, ಸುಲ್ತಾನರ ಕಾಲದಲ್ಲೇ, ಇಸ್ತಾಂಬುಲ್‌ನಲ್ಲಿ ತಮ್ಮ ತಮ್ಮ ಚೇಂಬರ್ ಕಟ್ಟಿಕೊಂಡಿದ್ದರು. ನಿಮಗೆ ಬೇಕಾದದ್ದು ಜರ್ಮನ್-ಟರ್ಕಿಶ್ ಚೇಂಬರ್, ಅಂದರೆ ಎಎಚ್‌ಕೆ. ಮುಂಬೈಯಲ್ಲಿ 1956ರಿಂದ ಇಂಡೋ-ಜರ್ಮನ್ ಚೇಂಬರ್ ಇದೆಯಲ್ಲ, ಬೆಂಗಳೂರಿನಲ್ಲೂ ಕಚೇರಿ ಇಟ್ಟಿದ್ದಾರೆ, ಅದೇ ಕುಟುಂಬದ ಇನ್ನೊಂದು ಕೂಸು ಇದು. ಇಲ್ಲಿ ಸದಸ್ಯತ್ವ ಇಷ್ಟ ಇದ್ದವರಿಗೆ ಮಾತ್ರ, ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುತ್ತಾರೆ. 'ಇಂಥ ಎರಕ ಹೊಯ್ಯುವ, ಇಂಥ ಪ್ರಮಾಣಪತ್ರ ಇರುವ, ಈಗಾಗಲೇ ಜರ್ಮನಿಗೆ ರಫ್ತು ಮಾಡುತ್ತಿರುವ ಹತ್ತು ಕಂಪನಿ ಹುಡುಕಿ ಕೊಡಿ' ಅಂದರೆ ಫೋನ್ ಮಾಡಿ, ಆಸಕ್ತಿ ಇದೆಯಾ ಕೇಳಿ, ಪಟ್ಟಿ ಕೊಡುತ್ತಾರೆ. ನಿಯೋಗಕ್ಕೆ ಕಟ್ಟುವ ದುಡ್ಡನ್ನು ಇದಕ್ಕೆ ಹಾಕಿದರೆ ಜಾಸ್ತಿ ಲಾಭ ಅನ್ನುವುದು ನನ್ನ ಅಭಿಪ್ರಾಯ. ಎರಡನ್ನೂ ಮಾಡಲು ಬಾಸ್ ಒಪ್ಪಿದರೆ ಇನ್ನೂ ಒಳ್ಳೆಯದು, ಮೊದಲು ಪಟ್ಟಿ, ಆಮೇಲೆ ನಿಯೋಗ.

ಮೂರನೆಯದು ದೊಡ್ಡವರ ಕೂಟ. ಟ್ಯೂಸಿಯಾದ್ 1971ರದ್ದು, ದೊಡ್ಡ ಉದ್ಯಮಿಗಳದ್ದು, ಬ್ರಸೆಲ್ಸ್‌ನಲ್ಲಿ ಕಚೇರಿ ಇಟ್ಟುಕೊಂಡು ಯುರೋಪಿನ ನೀತಿಯ ಬಗ್ಗೆ ವಾದ ಮಾಡುತ್ತದೆ. ಡೇಯ್ಕ್ ಅನ್ನುವುದು ದೇಶ ದೇಶಕ್ಕೆ ಒಂದೊಂದು ವ್ಯಾಪಾರ ಮಂಡಳಿ ಇಟ್ಟುಕೊಂಡ ಸಂಸ್ಥೆ, ಮೊದಲು ಟಿಒಬಿಬಿ ನೆರಳಿನಲ್ಲಿತ್ತು, 2014ರಲ್ಲಿ ಸರ್ಕಾರದ ಹತ್ತಿರಕ್ಕೆ ಸರಿಯಿತು. ಮಂತ್ರಿಗಳ ಜೊತೆ ವಿಮಾನ ಹತ್ತುವವರು ಇವರು. 140 ಜನರ ವಾಲ್ವ್ ಕಂಪನಿಗೆ ಇವರಿಂದ ಆಗುವುದು ಏನೂ ಇಲ್ಲ. ಮರೆತುಬಿಡಿ.

ಬ್ರಸೆಲ್ಸ್‌ನಲ್ಲಿ ಯುರೋಚೇಂಬರ್ಸ್ ಅಂತ ಇನ್ನೊಂದಿದೆ, 1958ರಿಂದ, ಯುರೋಪಿನ ಚೇಂಬರ್‌ಗಳ ಒಕ್ಕೂಟ. ಅವರೂ ಟಿಒಬಿಬಿಯೂ ಸೇರಿ ಯುರೋಪಿಯನ್ ಒಕ್ಕೂಟದ ದುಡ್ಡಿನಲ್ಲಿ ಯೋಜನೆಗಳನ್ನು ನಡೆಸಿದ್ದಾರೆ. ಟರ್ಕಿಯ ಒಂದು ಊರಿನ ಚೇಂಬರ್, ಯುರೋಪಿನ ಒಂದು ಊರಿನ ಚೇಂಬರ್, ಇಬ್ಬರನ್ನೂ ಜೋಡಿ ಮಾಡಿ ಅನುದಾನ ಕೊಡುವುದು. ಇದರಿಂದ ಚೇಂಬರ್ ಸಿಬ್ಬಂದಿಗೆ ಒಳ್ಳೆಯ ತರಬೇತಿ ಸಿಕ್ಕಿದೆ, ಯುರೋಪಿನ ನಿಯಮಗಳನ್ನು ತಮ್ಮ ಊರಿನ ಕಂಪನಿಗಳಿಗೆ ವಿವರಿಸುವವರು ಹುಟ್ಟಿಕೊಂಡಿದ್ದಾರೆ. ಆದರೆ ಅನುದಾನ ಮುಗಿದ ಮೇಲೆ ಎಷ್ಟೋ ಜೋಡಿಗಳು ಹೊಸ ವರ್ಷದ ಶುಭಾಶಯದ ಮಟ್ಟಕ್ಕೆ ಬಂದು ನಿಲ್ಲುತ್ತವೆ. ಇನ್ನು ಎರಡು ಕಡೆಯವರು ಸಹಿ ಹಾಕಿದ ತಿಳಿವಳಿಕೆ ಪತ್ರಗಳ (ಎಂಒಯು) ಬಗ್ಗೆ ಹೇಳುವುದೇ ಬೇಡ. ಚೇಂಬರ್ ಗೋಡೆಯ ಮೇಲಿನ ಫೋಟೋ ನೋಡಿ ಆ ಪತ್ರಗಳಿಂದ ಎಷ್ಟು ಲಾರಿ ಸರಕು ಹೊರಟಿತು ಅಂತ ಕೇಳಿದರೆ ಎಲ್ಲರೂ ಟೀ ಕುಡಿಯೋಣ ಬನ್ನಿ ಅನ್ನುತ್ತಾರೆ.

ಸರಿ, ಲೆಕ್ಕದ ಪುಸ್ತಕಕ್ಕೆ ಬರೋಣ. ನನ್ನ ಉತ್ತರದಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ಟರ್ಕಿಯಲ್ಲಿ ಕಂಪನಿಗಳ ನೋಂದಣಿ ಕಚೇರಿ ಚೇಂಬರ್ ಒಳಗೇ ಇರುತ್ತದೆ. ಕಂಪನಿ ಹುಟ್ಟಿದ್ದು, ಬಂಡವಾಳ ಏರಿದ್ದು ಇಳಿದದ್ದು, ನಿರ್ದೇಶಕ ಬದಲಾದದ್ದು, ವಿಳಾಸ ಬದಲಾದದ್ದು, ಬಾಗಿಲು ಹಾಕುವ ಪ್ರಕ್ರಿಯೆ ಶುರುವಾದದ್ದು, ಎಲ್ಲವೂ ವಾಣಿಜ್ಯ ನೋಂದಣಿ ಗೆಜೆಟ್‌ನಲ್ಲಿ ಅಚ್ಚಾಗಲೇಬೇಕು. ಆ ಗೆಜೆಟ್ ಹೊರಡಿಸುವುದು ಟಿಒಬಿಬಿ. ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿಕೊಂಡರೆ ಹಳೆಯ ಸಂಚಿಕೆ ಹುಡುಕಬಹುದು. ಟರ್ಕಿಶ್‌ನಲ್ಲಿರುತ್ತೆ, ಈಗಿನ ಕಾಲದಲ್ಲಿ ಅದೇನು ದೊಡ್ಡ ಅಡ್ಡಿಯಲ್ಲ. 'ಮೂವತ್ತು ವರ್ಷದ ಕಂಪನಿ' ಅನ್ನುವವರು ಮೂರು ವರ್ಷದ ಹಿಂದೆ ಹೊಸ ಹೆಸರಿನಲ್ಲಿ ನೋಂದಾಯಿಸಿದ್ದು ಅಲ್ಲಿ ಸಿಕ್ಕಿಬೀಳುತ್ತದೆ.

ಎರಡನೆಯದು ಕಪಾಸಿತೆ ರಪೋರು, ಅಂದರೆ ಸಾಮರ್ಥ್ಯದ ವರದಿ. ಇದು ನಿಜವಾದ ಚಿನ್ನ. ಚೇಂಬರ್ ಕಡೆಯ ತಜ್ಞರು ಕಾರ್ಖಾನೆಗೆ ಹೋಗಿ ಯಾವ ಯಂತ್ರ ಎಷ್ಟಿವೆ, ಎಷ್ಟು ಜನ ಕೆಲಸ ಮಾಡುತ್ತಾರೆ, ವರ್ಷಕ್ಕೆ ಎಷ್ಟು ಮಾಲು ತಯಾರಿಸಬಹುದು, ಎಷ್ಟು ಕಚ್ಚಾ ಮಾಲು ಬೇಕು ಅಂತ ಬರೆಯುತ್ತಾರೆ, ಟಿಒಬಿಬಿ ಒಪ್ಪಿಗೆ ಹಾಕುತ್ತದೆ. ಕಂಪನಿಗಳು ಇದನ್ನು ನಿಮಗೋಸ್ಕರ ಮಾಡಿಸುವುದಿಲ್ಲ, ಸರ್ಕಾರಿ ಟೆಂಡರ್, ರಿಯಾಯಿತಿ, ಆಮದು ಪರವಾನಗಿ ಇಂಥದ್ದಕ್ಕೆ ಬೇಕು ಅಂತ ಮಾಡಿಸುತ್ತಾರೆ. ಹಾಗಾಗಿಯೇ ಅದು ಬ್ರೋಷರ್‌ಗಿಂತ ನಂಬಿಕೆಗೆ ಯೋಗ್ಯ. ಅವಧಿ ಮುಗಿದಿಲ್ಲವಾ ನೋಡಿಕೊಳ್ಳಿ. ಈ ವರದಿಗಳ ಆಧಾರದ ಮೇಲೆ ಟಿಒಬಿಬಿ ಒಂದು ಕೈಗಾರಿಕಾ ದತ್ತಸಂಚಯವನ್ನೂ ಇಟ್ಟಿದೆ, ಯಾವ ಮಾಲು ಯಾವ ಊರಿನಲ್ಲಿ ಯಾರು ತಯಾರಿಸುತ್ತಾರೆ ಅಂತ ಹುಡುಕಬಹುದು. ನಿಯೋಗದ ಫಾರಂ ತುಂಬುವ ಮುಂಚೆ ಒಂದು ಸಂಜೆ ಅಲ್ಲಿ ಕೂತರೆ ಬುರ್ಸಾ ಮಾತ್ರ ಅಲ್ಲ, ಕೋನ್ಯಾ ಕಡೆಯೂ ನೋಡಬೇಕಲ್ಲ ಅಂತ ನಿಮಗೇ ಅನ್ನಿಸುತ್ತದೆ. ಬುರ್ಸಾ ಕಾರಿನ ಊರು. ಎರಕದ ಊರು ಅಂದರೆ ಕೋನ್ಯಾ ಹೆಸರು ಮೊದಲ ಸಾಲಿನಲ್ಲೇ ಬರುತ್ತದೆ.

ಮೂರನೆಯದು ಚಟುವಟಿಕೆ ಪತ್ರ. ಕಂಪನಿ ಇವತ್ತಿಗೂ ನೋಂದಣಿಯಲ್ಲಿದೆ, ಇಂಥ ಕೆಲಸ ಮಾಡುತ್ತಿದೆ ಅಂತ ಚೇಂಬರ್ ಕೊಡುವ ಒಂದು ಹಾಳೆ. ನಾಲ್ಕನೆಯದು ಚೇಂಬರ್‌ನದ್ದಲ್ಲದಿದ್ದರೂ ಜೊತೆಗೇ ಕೇಳಬೇಕಾದ್ದು, ಇಮ್ಜಾ ಸಿರ್ಕ್ಯುಲೆರಿ, ಅಂದರೆ ಕಂಪನಿ ಪರವಾಗಿ ಯಾರು ಸಹಿ ಹಾಕಬಹುದು, ಒಬ್ಬರೇ ಸಾಕಾ ಇಬ್ಬರು ಬೇಕಾ, ಎಷ್ಟು ಮೊತ್ತದವರೆಗೆ ಅನ್ನುವ ದಾಖಲೆ. ನಮ್ಮಲ್ಲಿ ಬೋರ್ಡ್ ರೆಸಲ್ಯೂಷನ್ ಕೇಳುವ ಹಾಗೆ. ಇದನ್ನು ಕೇಳಿದರೆ ಟರ್ಕಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಅಲ್ಲಿ ಬ್ಯಾಂಕಿಗೆ ಹೋದರೂ ಇದೇ ಕೇಳುತ್ತಾರೆ. ಬದಲಿಗೆ, ಇವರಿಗೆ ಕೆಲಸ ಗೊತ್ತಿದೆ ಅಂದುಕೊಳ್ಳುತ್ತಾರೆ.

ಇದನ್ನೆಲ್ಲ ನಾನು ಪುಸ್ತಕ ಓದಿ ಕಲಿತದ್ದಲ್ಲ. ವರ್ಷಗಳ ಹಿಂದೆ ಯುರೋಪಿನ ಒಬ್ಬ ಗ್ರಾಹಕರ ಪರವಾಗಿ ಒಂದು ಕಂಪನಿಯನ್ನು ನೋಡಲು ಹೋಗಿದ್ದೆ. ಚೇಂಬರ್ ಸಭೆಯಲ್ಲೇ ಪರಿಚಯವಾದವರು. ಮಾತು ಚೆನ್ನಾಗಿತ್ತು, ಇಂಗ್ಲಿಷ್ ನನಗಿಂತ ಚೆನ್ನಾಗಿತ್ತು. ಕಾರ್ಖಾನೆ ತೋರಿಸಿದರು, ಸಾಲಾಗಿ ಇಪ್ಪತ್ತು ಸಿಎನ್‌ಸಿ ಯಂತ್ರ, ನೆಲ ಹೊಳೆಯುತ್ತಿತ್ತು. ನಾನು ಮೆಚ್ಚಿ ವರದಿ ಬರೆದುಬಿಟ್ಟೆ. ಮೊದಲ ಲಾಟ್ ತಡವಾಯಿತು, ಎರಡನೆಯದರಲ್ಲಿ ಅಳತೆ ಕೆಟ್ಟಿತು. ಆಮೇಲೆ ಸಾಮರ್ಥ್ಯದ ವರದಿ ಕೇಳಿದಾಗ ಅದರಲ್ಲಿದ್ದದ್ದು ಎರಡೇ ಯಂತ್ರ. ನಾವು ನೋಡಿದ ಕಾರ್ಖಾನೆ ಭಾವಮೈದುನನದ್ದು, ಆ ಭಾವಮೈದುನನಿಗೆ ನಮ್ಮ ಆರ್ಡರ್ ಬಗ್ಗೆ ಪೂರ್ತಿ ಗೊತ್ತೂ ಇರಲಿಲ್ಲ! ಚೇಂಬರ್‌ನದ್ದು ಏನೂ ತಪ್ಪಿಲ್ಲ. ಕಾಗದ ಅವರ ಹತ್ತಿರ ಮೊದಲಿಂದಲೂ ಇತ್ತು. ನಾನು ಕೇಳಿರಲಿಲ್ಲ.

ಈಗ ನಿಯೋಗದ ಎರಡು ದಿನದ ಬಗ್ಗೆ. ಮೊದಲ ದಿನ ಸ್ವಾಗತ ಭಾಷಣ, ಊರಿನ ಬಗ್ಗೆ ಒಂದು ವಿಡಿಯೋ, ಆಮೇಲೆ ಇಪ್ಪತ್ತು ಇಪ್ಪತ್ತು ನಿಮಿಷದ ಭೇಟಿಗಳು. ಗಂಟೆ ಬಾರಿಸಿದರೆ ಮುಂದಿನ ಟೇಬಲ್. ನೀವು ಫಾರಂನಲ್ಲಿ 'ಹೈಡ್ರಾಲಿಕ್ ಭಾಗಗಳು' ಅಂತ ಬರೆದರೆ ಪೈಪ್ ಮಾರುವವರಿಂದ ಹಿಡಿದು ಲಿಫ್ಟ್ ಕಟ್ಟುವವರ ತನಕ ಎಲ್ಲರೂ ಬಂದು ಕೂರುತ್ತಾರೆ. ಮಿಶ್ರಲೋಹ ಯಾವುದು, ತೂಕ ಎಷ್ಟು, ಒತ್ತಡ ಎಷ್ಟು ತಡೆಯಬೇಕು, ವರ್ಷಕ್ಕೆ ಎಷ್ಟು ಪೀಸ್, ಯಾವ ಗುಣಮಟ್ಟದ ಪ್ರಮಾಣಪತ್ರ ಬೇಕು, ಇಷ್ಟನ್ನು ಬರೆದು ಒಂದು ಡ್ರಾಯಿಂಗ್ ಕಳಿಸಿ. ಗುಟ್ಟಿನ ಡ್ರಾಯಿಂಗ್ ಬೇಡ, ಹಳೆಯ ಮಾಡೆಲಿನದ್ದು ಸಾಕು. ಆಗ ಬರುವವರು ಹದಿನೈದರ ಬದಲು ನಾಲ್ಕು ಜನ ಇರುತ್ತಾರೆ. ಆ ನಾಲ್ಕು ಸಾಕು.

ಆ ಟೇಬಲ್‌ಗಳಲ್ಲಿ ಒಂದು ಪದ ನಿಮಗೆ ಪದೇ ಪದೇ ಕೇಳಿಸುತ್ತದೆ, 'ಹಲ್ಲೆದೆರಿಝ್'. ನೋಡಿಕೊಳ್ಳೋಣ, ಆಗುತ್ತೆ ಬಿಡಿ ಅಂತ. ಜರ್ಮನಿಯ ಬಾಸ್‌ಗೆ ಇದು ಒಪ್ಪಂದದ ಹಾಗೆ ಕೇಳಿಸುತ್ತದೆ. ನಿಮಗೆ ಅರ್ಥ ಹೇಳಬೇಕಾಗಿಲ್ಲ, ನಮ್ಮ 'ಅಡ್ಜಸ್ಟ್ ಮಾಡೋಣ ಸರ್' ಅನ್ನುವುದಕ್ಕೆ ಅದು ಅಣ್ಣ. ಖರೀದಿ ವಿಭಾಗದಲ್ಲಿ ದಾವಣಗೆರೆಯವರು ಇದ್ದರೆ ಕಂಪನಿಗೆ ಆಗುವ ಲಾಭ ಇದೇ ನೋಡಿ. 'ಹಬ್ಬ ಮುಗಿದ ಮೇಲೆ' ಅಂದರೂ ಹಾಗೇ, ಯಾವ ತಾರೀಖು ಅಂತ ಕೇಳಿ ಬರೆದುಕೊಳ್ಳಿ.

ಇನ್ನು ಚೇಂಬರ್ ಕೈಯಲ್ಲಿ ಆಗದ್ದು ಏನು ಅನ್ನುವುದೂ ಗೊತ್ತಿರಲಿ.

ಬೆಲೆ ಅವರ ಕೈಯಲ್ಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಟರ್ಕಿಯ ಹಣದುಬ್ಬರ ಸರ್ಕಾರಿ ಲೆಕ್ಕದಲ್ಲೇ ಶೇಕಡಾ 85 ದಾಟಿತ್ತು. 2022 ಮತ್ತು 2023ರಲ್ಲಿ ಕನಿಷ್ಠ ಕೂಲಿಯನ್ನು ವರ್ಷಕ್ಕೆ ಎರಡು ಸಲ ಏರಿಸಿದರು. ಆಮೇಲೆ ಹಣದುಬ್ಬರ ಇಳಿದಿದೆ, ಆದರೆ ಆ ಅಭ್ಯಾಸ ಇನ್ನೂ ಹೋಗಿಲ್ಲ. ನೀವು ಯುರೋದಲ್ಲಿ ಬೆಲೆ ನಿಗದಿ ಮಾಡಿದ್ದರೂ, ಆತ ಕೂಲಿ ಕೊಡುವುದು ಲಿರಾದಲ್ಲಿ. ಹಾಗಾಗಿ ಆರು ತಿಂಗಳಿಗೊಮ್ಮೆ 'ಮಾತಾಡಬೇಕು' ಅಂತ ಮೇಲ್ ಬರುತ್ತದೆ. ಕೋಪ ಮಾಡಿಕೊಳ್ಳಬೇಡಿ. ಲೋಹದ ಬೆಲೆಗೆ ಒಂದು ಸೂತ್ರ, ಕೂಲಿಗೆ ಒಂದು ಸೂತ್ರ ಮೊದಲೇ ಒಪ್ಪಂದದಲ್ಲಿ ಬರೆದುಕೊಳ್ಳಿ.

ವೀಸಾ ಅವರ ಕೈಯಲ್ಲಿಲ್ಲ, ಅದರ ಬಗ್ಗೆ ಕೂಗು ಹಾಕುವುದು ಮಾತ್ರ ಇದೆ. ಇದು ವಿಚಿತ್ರ ನೋಡಿ. ಬುರ್ಸಾದ ವಾಲ್ವ್ ಬಾಡಿ ವೀಸಾ ಇಲ್ಲದೆ ಸ್ಟುಟ್‌ಗಾರ್ಟ್‌ಗೆ ಬರುತ್ತದೆ, ಅದನ್ನು ಮಾಡಿದ ಇಂಜಿನಿಯರ್ ಬರಬೇಕಾದರೆ ಷೆಂಗೆನ್ ವೀಸಾಕ್ಕೆ ತಿಂಗಳುಗಟ್ಟಲೆ ಕಾಯಬೇಕು. ನಮ್ಮ ಪಾಸ್‌ಪೋರ್ಟ್ ಇರುವವರಿಗೆ ಈ ನೋವು ಚೆನ್ನಾಗಿ ಗೊತ್ತು. ಟರ್ಕಿಯ ಚೇಂಬರ್‌ಗಳು ಪ್ರತಿ ಸಭೆಯಲ್ಲೂ ಎತ್ತುವ ಮೊದಲ ವಿಷಯ ಇದೇ. 2025ರ ಜುಲೈನಲ್ಲಿ ಯುರೋಪಿಯನ್ ಕಮಿಷನ್ ಸ್ವಲ್ಪ ಸಡಿಲ ಮಾಡಿತು. ಮೊದಲು ಪಡೆದ ವೀಸಾವನ್ನು ಸರಿಯಾಗಿ ಬಳಸಿದ ಟರ್ಕಿಯವರಿಗೆ ಮುಂದೆ ಮುಂದೆ ಉದ್ದ ಅವಧಿಯ, ಅನೇಕ ಪ್ರವೇಶದ ವೀಸಾ ಸಿಗುವ ಹಾಗೆ ಮಾಡಿತು. ಆದರೆ ಮೊದಲ ಸಲ ಹಾಕುವವನ ಸರದಿ ಕಡಿಮೆಯಾಗಿಲ್ಲ. ಆದ್ದರಿಂದ ಅವರು ನಿಮ್ಮಲ್ಲಿಗೆ ಬರಲಿ ಅಂತ ಕಾಯಬೇಡಿ, ನೀವೇ ಹೋಗಿ. ನೀವು ಭಾರತದ ಪಾಸ್‌ಪೋರ್ಟಿನವರಾಗಿದ್ದರೆ ಟರ್ಕಿಯ ವೀಸಾ ನಿಯಮವನ್ನು ಟಿಕೆಟ್ ಕೊಳ್ಳುವ ಮುಂಚೆ ನೋಡಿಕೊಳ್ಳಿ, ಬಾಸ್‌ಗೆ ಇಲ್ಲದ ರಗಳೆ ನಿಮಗಿರುತ್ತದೆ.

ಲಾರಿಯದ್ದೂ ಹಾಗೇ. ಸರಕಿಗೆ ಸುಂಕ ಇಲ್ಲ, ಆದರೆ ಸರಕು ಹೊತ್ತ ಟರ್ಕಿಯ ಲಾರಿಗೆ ದಾರಿಯ ದೇಶಗಳ ಪರ್ಮಿಟ್ ಬೇಕು, ಅದಕ್ಕೆ ಕೋಟಾ ಇದೆ. ಬಲ್ಗೇರಿಯಾ ಗಡಿಯ ಕಪಿಕುಲೆಯಲ್ಲಿ ಲಾರಿಗಳ ಸಾಲು ಎಷ್ಟೋ ಸಲ ಕಿಲೋಮೀಟರ್‌ಗಟ್ಟಲೆ ಬೆಳೆಯುತ್ತದೆ. ಹಂಗೇರಿ ಒಂದು ಕಾಲದಲ್ಲಿ ತನ್ನ ದೇಶ ದಾಟುವ ಟರ್ಕಿಯ ಲಾರಿಗಳಿಗೆ ತೆರಿಗೆ ಹಾಕುತ್ತಿತ್ತು. ಇಸ್ತಾಂಬುಲ್ ಲೊಜಿಸ್ಟಿಕ್ ಅನ್ನುವ ಸಾಗಣೆ ಕಂಪನಿ ಕೋರ್ಟಿಗೆ ಹೋಯಿತು, 2017ರ ಅಕ್ಟೋಬರ್‌ನಲ್ಲಿ ಯುರೋಪಿನ ನ್ಯಾಯಾಲಯ 'ಇದು ಸುಂಕ ಹಾಕಿದ ಹಾಗೇ ಆಯಿತು, ಕಸ್ಟಮ್ಸ್ ಯೂನಿಯನ್‌ಗೆ ವಿರುದ್ಧ' ಅಂದಿತು. ಚೇಂಬರ್‌ಗಳು ವರ್ಷಗಟ್ಟಲೆ ಪತ್ರ ಬರೆದು ಆಗದ್ದನ್ನು ಒಂದು ಲಾರಿ ಕಂಪನಿ ಮಾಡಿ ತೋರಿಸಿತು. ಕಸ್ಟಮ್ಸ್ ಯೂನಿಯನ್ ಅನ್ನೇ ಹೊಸದು ಮಾಡಿ, ಸೇವೆ, ಕೃಷಿ, ಟೆಂಡರ್ ಎಲ್ಲ ಸೇರಿಸಿ ಅಂತ ಎರಡೂ ಕಡೆಯ ಚೇಂಬರ್‌ಗಳು ಕೇಳುತ್ತಲೇ ಇವೆ. ಮಾತುಕತೆಗೆ ಅಧಿಕಾರ ಕೊಡಿ ಅಂತ ಕಮಿಷನ್ ಕೇಳಿದ್ದು 2016ರ ಡಿಸೆಂಬರ್‌ನಲ್ಲಿ. ಸೈಪ್ರಸ್ ವಿಷಯ, ರಾಜಕೀಯ ಎಲ್ಲ ಸೇರಿ ಅದು ಮುಂದೆ ಹೋಗಲೇ ಇಲ್ಲ.

ಇಲ್ಲಿ ಭಾರತದ ಎಳೆಯೊಂದಿದೆ, ನಿಮಗೆ ಕುತೂಹಲ ಅನ್ನಿಸಬಹುದು. ಯುರೋಪಿಯನ್ ಒಕ್ಕೂಟ ಬೇರೆ ದೇಶದ ಜೊತೆ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡರೆ ಆ ದೇಶದ ಸರಕು ಸುಂಕವಿಲ್ಲದೆ ಯುರೋಪಿಗೆ ಬಂದು, ಅಲ್ಲಿಂದ ಟರ್ಕಿಗೂ ಹೋಗುವ ದಾರಿ ತೆರೆಯುತ್ತದೆ. ಆದರೆ ಟರ್ಕಿಯ ಸರಕಿಗೆ ಆ ದೇಶದಲ್ಲಿ ತಾನಾಗಿಯೇ ರಿಯಾಯಿತಿ ಸಿಗುವುದಿಲ್ಲ, ಟರ್ಕಿ ಬೇರೆಯಾಗಿ ಹೋಗಿ ಮಾತಾಡಿಕೊಳ್ಳಬೇಕು. ಭಾರತ–ಯುರೋಪ್ ಒಪ್ಪಂದದ ಮಾತು ಬಂದಾಗೆಲ್ಲ ಟರ್ಕಿಯ ಉದ್ಯಮಿಗಳು ಕಿವಿ ನೆಟ್ಟಗೆ ಮಾಡುವುದು ಇದಕ್ಕೇ. ಒಪ್ಪಂದ ಜಾರಿಗೆ ಬಂದರೆ ಬೆಳಗಾವಿಯ ಫೌಂಡ್ರಿಯವರೂ ನಿಮ್ಮ ವಾಲ್ವ್ ಬಾಡಿಗೆ ಬುರ್ಸಾದವರ ಜೊತೆ ಪೈಪೋಟಿಗೆ ಇಳಿಯಬಹುದು. ಬಾಸ್ ಕಿವಿಗೆ ಹಾಕಿಡಿ, ಆದರೆ ಸಮುದ್ರದ ದಾರಿಯ ವಾರಗಳನ್ನು ಲೆಕ್ಕ ಹಾಕಿ ಹೇಳಿ.

ಜಂಟಿ ಕಂಪನಿ ವಿಷಯ. ಬುರ್ಸಾ ಊರು ಬೆಳೆದದ್ದೇ ಇದರಿಂದ. ಇಟಲಿಯ ಫಿಯಟ್ ಜೊತೆ ಟರ್ಕಿಯ ಉದ್ಯಮಿ ಕೋಚ್ ಕುಟುಂಬ ಸೇರಿ 1968ರಲ್ಲಿ ತೋಫಾಷ್ ಕಟ್ಟಿತು, ಮರುವರ್ಷ ರೆನೋ ಜೊತೆ ಟರ್ಕಿ ಸೈನಿಕರ ಪಿಂಚಣಿ ನಿಧಿ ಒಯಾಕ್ ಸೇರಿ ಇನ್ನೊಂದು ಕಟ್ಟಿತು. ಎರಡೂ 1971ರಲ್ಲಿ ಕಾರು ಹೊರತಂದವು, ಅವುಗಳ ಸುತ್ತ ಬಿಡಿಭಾಗದ ನೂರಾರು ಕಂಪನಿ ಹುಟ್ಟಿದವು. ಬಾಷ್ ಕಾರ್ಖಾನೆಯೂ ಅಲ್ಲಿದೆ, ನಮ್ಮ ಆಡುಗೋಡಿಯ ಮೈಕೋ ಅಂದುಕೊಳ್ಳಿ. ಈಗ ಹೊಳೆ ಹಿಂದಕ್ಕೂ ಹರಿಯುತ್ತಿದೆ. ಟರ್ಕಿಯ ಆರ್ಚೆಲಿಕ್ 2002ರಲ್ಲಿ ರೊಮೇನಿಯಾದ ಫ್ರಿಜ್ ಕಂಪನಿ ಆರ್ಕ್‌ಟಿಕ್ ಕೊಂಡಿತು, ಫೋರ್ಡ್ ಒಟೊಸಾನ್ 2022ರಲ್ಲಿ ರೊಮೇನಿಯಾದ ಕ್ರಾಯೋವಾ ಕಾರ್ಖಾನೆಯನ್ನೇ ಫೋರ್ಡ್‌ನಿಂದ ಕೊಂಡಿತು, ಬೆಲ್ಜಿಯಂನ ಗೋಡೈವಾ ಚಾಕೊಲೇಟ್ ಟರ್ಕಿಯ ಯಿಲ್ಡಿಜ್ ಕಂಪನಿಯವರ ಕೈಗೆ ಬಂತು. ಇದ್ಯಾವುದೂ ಇಪ್ಪತ್ತು ನಿಮಿಷದ ಟೇಬಲ್‌ನಲ್ಲಿ ಹುಟ್ಟಿದ್ದಲ್ಲ.

ಹಾಗಾಗಿ ಬಾಸ್‌ಗೆ ಹೇಳಿ, ಮೊದಲ ಎರಡು ವರ್ಷ ಬರೀ ಆರ್ಡರ್. ಜಂಟಿ ಕಂಪನಿ ಅಂದರೆ ಅಲ್ಲಿನ ಕಾರ್ಮಿಕ ಕಾನೂನು, ತೆರಿಗೆ, ಲಿರಾ ಎಲ್ಲವೂ ನಿಮ್ಮ ತಲೆಯ ಮೇಲೆ. ಇನ್ನೊಂದು ಸಣ್ಣ ಬಲೆಯೂ ಇದೆ. 2018ರ ಸೆಪ್ಟೆಂಬರ್‌ನಿಂದ ಟರ್ಕಿಯೊಳಗಿನ ಇಬ್ಬರು ನಿವಾಸಿಗಳ ನಡುವಿನ ಅನೇಕ ಬಗೆಯ ಒಪ್ಪಂದಗಳನ್ನು ವಿದೇಶಿ ಹಣದಲ್ಲಿ ಮಾಡುವ ಹಾಗಿಲ್ಲ. ಈಗ ಜರ್ಮನಿಯಿಂದ ಯುರೋದಲ್ಲಿ ಕೊಳ್ಳುವ ನೀವು, ಅಲ್ಲಿ ಕಂಪನಿ ತೆರೆದ ಮೇಲೆ ಆ ಕಂಪನಿಯ ಹೆಸರಿನಲ್ಲಿ ಅದೇ ಸ್ವಾತಂತ್ರ್ಯ ಇರುತ್ತೆ ಅಂದುಕೊಳ್ಳಬೇಡಿ. ವಕೀಲರನ್ನು ಕೇಳಿ. ಜಗಳ ಬಂದರೆ ಎಲ್ಲಿ ಅನ್ನುವುದನ್ನೂ ಮೊದಲೇ ಬರೆಯಿರಿ. ಜರ್ಮನಿಯ ಕೋರ್ಟಿನ ತೀರ್ಪು ಟರ್ಕಿಯಲ್ಲಿ ನೇರ ನಡೆಯುವುದಿಲ್ಲ, ಅಲ್ಲಿ ಮತ್ತೆ ಕೋರ್ಟಿಗೆ ಹೋಗಿ ಮಾನ್ಯ ಮಾಡಿಸಬೇಕು. ಮಧ್ಯಸ್ಥಿಕೆ ತೀರ್ಪಿಗೆ ದಾರಿ ಸುಲಭ, ಅಂಥ ವಿದೇಶಿ ತೀರ್ಪುಗಳನ್ನು ಮಾನ್ಯ ಮಾಡುವ ನ್ಯೂಯಾರ್ಕ್ ಒಪ್ಪಂದದಲ್ಲಿ ಎರಡೂ ದೇಶ ಇವೆ. ಪ್ಯಾರಿಸ್‌ನ ಐಸಿಸಿ, ಅಂದರೆ ಅಂತರರಾಷ್ಟ್ರೀಯ ವಾಣಿಜ್ಯ ಚೇಂಬರ್, ಸಣ್ಣ ಮೊತ್ತದ ಜಗಳಕ್ಕೆ ದುಬಾರಿ, ಇಸ್ತಾಂಬುಲ್ ಮಧ್ಯಸ್ಥಿಕೆ ಕೇಂದ್ರವನ್ನೂ ನೋಡಿ.

ಒಂದು ವಿಷಯ ಬಿಟ್ಟುಹೋಗುತ್ತಿತ್ತು. ಎರಕ ಅಂದಿರಿ, ಉಕ್ಕಿನದ್ದಾ, ಅಲ್ಯೂಮಿನಿಯಂನದ್ದಾ ಅಂತ ಹೇಳಲಿಲ್ಲ. ಯುರೋಪಿನ ಗಡಿ ಕಾರ್ಬನ್ ನಿಯಮ, ಅಂದರೆ ಆಮದು ಮಾಲು ತಯಾರಿಸುವಾಗ ಹೊರಬಿದ್ದ ಇಂಗಾಲಕ್ಕೆ ಬೆಲೆ ಕಟ್ಟುವ ನಿಯಮ, 2026ರ ಜನವರಿಯಿಂದ ಪೂರ್ತಿ ಜಾರಿಯಲ್ಲಿದೆ, ಟರ್ಕಿಗೆ ವಿನಾಯಿತಿ ಇಲ್ಲ. ಕಚ್ಚಾ ಉಕ್ಕು, ಅಲ್ಯೂಮಿನಿಯಂ ಮಾತ್ರ ಅಲ್ಲ, ಬೋಲ್ಟು ನಟ್ಟಿನಂಥ ಕೆಲವು ವಸ್ತುಗಳೂ ಪಟ್ಟಿಯಲ್ಲಿವೆ. ತಯಾರಾದ ವಾಲ್ವಿನ ಭಾಗಕ್ಕೆ ಬೇರೆ ಕಸ್ಟಮ್ಸ್ ಸಂಖ್ಯೆ, ಬರೀ ಎರಕಕ್ಕೆ ಬೇರೆ. ನಿಮ್ಮ ಮಾಲಿನ ಕಸ್ಟಮ್ಸ್ ಸಂಖ್ಯೆ ಹಿಡಿದು ಸ್ಟುಟ್‌ಗಾರ್ಟ್ ಐಎಚ್‌ಕೆಗೆ ಫೋನ್ ಮಾಡಿ. ವರ್ಷಾ ವರ್ಷ ಕಟ್ಟುತ್ತಿರುವ ದುಡ್ಡು ವಸೂಲಾಗಲಿ.

ನಿಯೋಗಕ್ಕೆ ಹೋಗುವುದೇ ಆದರೆ ಎರಡು ದಿನ ಮುಂಚೆ ಹೊರಡಿ. ಬಸ್ಸಿನ ಜೊತೆ ಬೇಡ. ಇಸ್ತಾಂಬುಲ್‌ನಿಂದ ದೋಣಿ ಹಿಡಿದರೆ ಮರ್ಮರಾ ಸಮುದ್ರ ದಾಟಿ ಎರಡು ಗಂಟೆಯ ಆಸುಪಾಸಿನಲ್ಲಿ ಮುದಾನ್ಯಾ, ಅಲ್ಲಿಂದ ಬುರ್ಸಾ ಹತ್ತಿರ. ನಿಮ್ಮ ಪಟ್ಟಿಯ ಇಬ್ಬರ ಕಾರ್ಖಾನೆಗೆ ಸಭೆಗೆ ಮುಂಚೆಯೇ ಹೋಗಿ ಬನ್ನಿ, ಸಾಮರ್ಥ್ಯದ ವರದಿಯ ಪ್ರತಿ ಕೈಯಲ್ಲಿರಲಿ, ಯಂತ್ರಗಳನ್ನು ಎಣಿಸಿ. ಗೇಟಿನ ಮೇಲಿನ ಹೆಸರನ್ನೂ ಓದಿಕೊಳ್ಳಿ.